ಮಾನ್ವಿಯಿಂದ ರಾಯಚೂರಿಗೆ ಆರು ಸಲ: ನನ್ನ ರೂಟ್ ಕೆನಾಲ್ ಅನುಭವ

ಮೊನ್ನೆ ಗುರುವಾರ ನನ್ನ ಕೆಳದವಡೆಯ ಎಡಗಡೆ ಹಲ್ಲಿಗೆ ಕ್ಯಾಪ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಕೂರಿಸಿದರು. ಫೆಬ್ರವರಿಯಲ್ಲಿ ಶುರುವಾದದ್ದು ಜೂನ್‌ನಲ್ಲಿ ಮುಗಿಯಿತು. ಈ ನಾಲ್ಕು ತಿಂಗಳಲ್ಲಿ ನಾನು ಪಟ್ಟ ಭಯದಲ್ಲಿ ಮುಕ್ಕಾಲು ಪಾಲು ಏನೂ ಗೊತ್ತಿಲ್ಲದೆ ಪಟ್ಟದ್ದು. ಮೊದಲೇ ಯಾರಾದರೂ ಎದುರು ಕೂತು, ಹೀಗೆ ಹೀಗೆ ಮಾಡ್ತಾರೆ ಅಂತ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಮಾಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆ ಹಲ್ಲಿನ ಮೇಲೆ ಎರಡು ವರ್ಷದಿಂದ ಎಳ್ಳಿನಷ್ಟು ಕಪ್ಪು ಚುಕ್ಕೆ ಇತ್ತು. ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು, ಕ್ಷಣದಲ್ಲಿ ಹೋಗುತ್ತಿತ್ತು. ನಾನೂ ಸುಮ್ನಿದ್ದೆ. ಫೆಬ್ರವರಿ ಹೊತ್ತಿಗೆ ಜುಮ್ ಅಂದದ್ದು ಐದು ನಿಮಿಷವಾದರೂ ಇಳಿಯುತ್ತಿರಲಿಲ್ಲ. ಆಮೇಲೆ ಬಿಸಿ ಚಹಾ ತಗುಲಿದರೂ ನೋವು. ಒಂದು ದಿನ ಶೇಂಗಾ ಚಟ್ನಿ ಜೊತೆ ಕಡಕ್ ರೊಟ್ಟಿ ತಿನ್ನುವಾಗ ಕಟಕ್ ಅಂತು. ನಾಲಿಗೆ ಆಡಿಸಿ ನೋಡಿದರೆ ಹಲ್ಲಿನ ಒಂದು ಮೂಲೆ ಇರಲಿಲ್ಲ. ಚುಕ್ಕೆ ಮೇಲೆ ಎಳ್ಳಿನಷ್ಟೇ, ಒಳಗೆ ಪೂರ್ತಿ ಟೊಳ್ಳಾಗಿತ್ತು.

ಇಲ್ಲೇ ಒಂದು ಮಾತು. ತಣ್ಣನೆಯದು ತಗುಲಿದಾಗ ಜುಮ್ ಅಂದು ತಕ್ಷಣ ಹೋದರೆ ಬಹಳ ಸಲ ಬರೀ ಸಿಮೆಂಟ್ ತುಂಬಿಸಿದರೆ ಸಾಕಾಗುತ್ತೆ. ಖರ್ಚೂ ಕಡಿಮೆ. ನೋವು ನಿಮಿಷಗಟ್ಟಲೆ ಉಳಿಯುತ್ತಿದೆ, ಬಿಸಿ ತಗುಲಿದರೆ ಜಾಸ್ತಿ ಆಗುತ್ತಿದೆ, ರಾತ್ರಿ ತಾನಾಗೇ ಏಳುತ್ತಿದೆ ಅಂದರೆ ಹಲ್ಲಿನೊಳಗಿನ ಜೀವ ವಾಪಸ್ ಬರದಷ್ಟು ಕೆಟ್ಟಿರಬಹುದು. ಇದನ್ನು ಡಾಕ್ಟರ್ ನನಗೆ ಹೇಳಿದ್ದು ಏಪ್ರಿಲ್‌ನಲ್ಲಿ. ಎರಡು ವರ್ಷ ಮೊದಲೇ ಗೊತ್ತಾಗಬೇಕಿತ್ತು.

ರಾತ್ರಿಯ ನೋವಿನ ಬಗ್ಗೆ ಹೇಳಲೇಬೇಕು. ಹಗಲೆಲ್ಲ ಮಷಿನ್ ತುಳಿಯುವಾಗ ತಡೆದುಕೊಳ್ಳಬಹುದಿತ್ತು. ಮಲಗಿದ ಕೂಡಲೇ ಹಲ್ಲು ನಾಡಿ ಬಡಿದ ಹಾಗೆ ಬಡಿಯುತ್ತಿತ್ತು. ಕಿವಿ, ಕೆನ್ನೆಲುಬು, ಹಣೆಯ ಪಕ್ಕ ಎಲ್ಲ ಎಳೆಯುತ್ತಿತ್ತು. ಎದ್ದು ಕೂತರೆ ಸ್ವಲ್ಪ ಇಳಿಯುತ್ತಿತ್ತು. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತೆ. ಬೇರೆ ಕಡೆ ಬಾವು ಬಂದರೆ ಚರ್ಮ ಉಬ್ಬುತ್ತೆ, ಹಲ್ಲಿನೊಳಗೆ ಉಬ್ಬಲು ಜಾಗವೇ ಇಲ್ಲ, ಸುತ್ತ ಗಟ್ಟಿ ಗೋಡೆ. ಹಂಗಾಗಿ ಅಷ್ಟು ನೋವು. ನಾನು ಹದಿನೈದು ದಿನ ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆ ಮಾಡಿದೆ.

ಲವಂಗ ಇಟ್ಟೆ. ಸ್ವಲ್ಪ ಹೊತ್ತು ತಣ್ಣಗಾಗುತ್ತೆ, ಸುಳ್ಳಲ್ಲ. ಆದರೆ ಲವಂಗದೆಣ್ಣೆಯನ್ನು ಹತ್ತಿಯಲ್ಲಿ ಅದ್ದಿ ರಾತ್ರಿಯಿಡೀ ಇಟ್ಟುಕೊಂಡೆ, ಬೆಳಿಗ್ಗೆ ಒಸಡು ಬೆಳ್ಳಗೆ ಸುಟ್ಟಿತ್ತು. ನೋವಿನ ಮಾತ್ರೆ ಪುಡಿ ಮಾಡಿ ಹಲ್ಲಿನ ಸಂದಿಗೆ ಹಾಕುವವರೂ ಇದ್ದಾರೆ. ಅದೂ ಸುಡುತ್ತೆ. ಮಾತ್ರೆ ನುಂಗುವುದಕ್ಕಷ್ಟೇ.

ಆಸ್ಪತ್ರೆಗೆ ಹೋಗೋಣ ಅಂದರೆ ಅವ್ವ ಬಿಡಲಿಲ್ಲ. "ಹಲ್ಲ ಕಿತ್ತಿಸಿದ್ರ ಕಣ್ಣ ಮಂಜಾಗ್ತಾವ ಯವ್ವಾ, ಜಂಪರ್ ಹೆಂಗ ಹೊಲೀತಿ?" ಅಂದಳು. ಸೂಜಿಗೆ ದಾರ ಪೋಣಿಸಿ ಬದುಕುವವಳಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇಕಾ? ಪಕ್ಕದ ಮನೆಯವರು ಇನ್ನೊಂದು ಹೇಳಿದರು: "ರೂಟ್ ಕೆನಾಲ್ ಅಂದ್ರ ಬೇರಿನ ತನಕ ಮಿಷಿನ್ಲೆ ಕೊರದು ನರಾ ಎಳೀತಾರಂತ." ಆ 'ನರಾ ಎಳೀತಾರ' ಅನ್ನೋ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹಂಗಾಗಿ ಮಾಡಬಾರದ್ದು ಮಾಡಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನದ ಆಂಟಿಬಯಾಟಿಕ್ ತಂದು ನುಂಗಿದೆ. ಒಂದು ವಾರಕ್ಕೆ ನೋವು ಪೂರ್ತಿ ನಿಂತಿತು. ತಣ್ಣೀರು, ಚಹಾ, ಯಾವುದಕ್ಕೂ ಏನೂ ಇಲ್ಲ. ಗುಣ ಆಯ್ತು ಅಂತ ದೇವರಿಗೆ ಕಾಯಿ ಒಡೆಸಿದೆ. ನಿಜವಾಗಿ ಆಗಿದ್ದು ಏನೆಂದರೆ, ಹಲ್ಲಿನೊಳಗಿನ ಜೀವ ಹೆಚ್ಚು ಪಾಲು ಸತ್ತುಹೋಗಿತ್ತು. ಸತ್ತದ್ದಕ್ಕೆ ನೋವಿಲ್ಲ. ಅಲ್ಲಿಗೆ ರಕ್ತ ಹೋಗುವುದಿಲ್ಲ, ಹಾಗಾಗಿ ನುಂಗಿದ ಮಾತ್ರೆಯೂ ಒಳಗೆ ತಲುಪುವುದಿಲ್ಲ. ಕ್ರಿಮಿಗಳು ಆರಾಮಾಗಿ ಒಳಗೇ ಇದ್ದು ಬೇರಿನ ತುದಿಯ ಕಡೆ ಇಳಿಯುತ್ತಿದ್ದವು. ಹಲ್ಲುನೋವು ಏನೂ ಮಾಡಿಸದೆ ತಾನಾಗೇ ನಿಂತರೆ ಖುಷಿ ಪಡಬೇಡಿ, ಆ ವಾರವೇ ತೋರಿಸಿ.

ಏಪ್ರಿಲ್‌ನ ಒಂದು ಸೋಮವಾರ ಎದ್ದಾಗ ಎಡಗೆನ್ನೆ ಊದಿತ್ತು. ಮೈ ಬಿಸಿ. ಒಂದೇ ಲಗ್ನದ ಹನ್ನೊಂದು ಬ್ಲೌಸ್ ಮೇಜಿನ ಮೇಲೆ ಕತ್ತರಿಸಿ ಇಟ್ಟಿದ್ದೆ. ನಮ್ಮ ಮನೆಯವರು ಮಾತೇ ಆಡದೆ ಬೈಕ್ ತೆಗೆದರು.

ಊರಿನ ದಂತ ವೈದ್ಯರು ನೋಡಿ ನೇರವಾಗಿ ಹೇಳಿದರು. ಕೀಳಬಹುದು, ಕಡಿಮೆ ಖರ್ಚು. ಆದರೆ ಇದು ಅಗಿಯುವ ಮುಖ್ಯ ಹಲ್ಲು, ಬೇರು ಗಟ್ಟಿ ಇದೆ, ಉಳಿಸಬಹುದು. ಕಿತ್ತರೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತೆ, ಮೇಲಿನದು ಕೆಳಗೆ ಇಳಿಯುತ್ತೆ, ಮುಂದೆ ಕಟ್ಟಿಸಿಕೊಳ್ಳಲು ಇನ್ನೂ ಜಾಸ್ತಿ ಆಗುತ್ತೆ. ರೂಟ್ ಕೆನಾಲ್‌ಗೆ 4,500, ಕ್ಯಾಪ್‌ಗೆ 4,000 ಅಂದರು. ನನ್ನ ಮುಖ ನೋಡಿ, "ದುಡ್ಡಿನ ತೊಂದರೆ ಇದ್ರೆ ರಾಯಚೂರಿಗೆ ಹೋಗಿ, ಅಲ್ಲಿ ಎರಡು ದಂತ ಕಾಲೇಜುಗಳಿವೆ, ಕಡಿಮೆಗೆ ಮಾಡ್ತಾರೆ. ಆದ್ರೆ ಇವತ್ತೇ ಹೋಗಿ, ಬಾವು ಇದೆ," ಅಂದರು. ತಮ್ಮ ಗಿರಾಕಿಯನ್ನು ತಾವೇ ಬೇರೆ ಕಡೆ ಕಳಿಸಿದ ಆ ಮನುಷ್ಯನನ್ನು ನಾನು ಮರೆಯುವುದಿಲ್ಲ. ಅವರು ಇನ್ನೊಂದು ಮಾತು ಒತ್ತಿ ಹೇಳಿದರು. ಬಾವು ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಲ್ಲಿನ ಆಸ್ಪತ್ರೆ ಹುಡುಕುತ್ತಾ ಕೂರಬಾರದು. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಬೇಕು.

ರಾಯಚೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ. 2023ರ ಜೂನ್‌ನಿಂದ ಸರ್ಕಾರಿ ಸಾದಾ ಬಸ್ಸಿನಲ್ಲಿ ನಮಗೆ, ಅಂದರೆ ಹೆಂಗಸರಿಗೆ, ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಸಾಕು. ಆರು ಸಲ ಹೋಗಿ ಬಂದವಳಿಗೆ ಅದು ಸಣ್ಣ ಉಪಕಾರವಲ್ಲ.

ಕಾಲೇಜಿನಲ್ಲಿ ನನಗೆ ಎಲ್ಲಕ್ಕಿಂತ ಗೊಂದಲ ಮಾಡಿದ್ದು ಓಡಾಟ. ಮೊದಲು ಕೌಂಟರಿನಲ್ಲಿ ಹೆಸರು ಬರೆಸಿ ಚೀಟಿ ಮಾಡಿಸಬೇಕು. ಆಧಾರ್ ಮತ್ತು ಫೋನ್ ನಂಬರ್ ಕೇಳಿದರು, 50 ರೂಪಾಯಿ. ಆಮೇಲೆ ಮೊದಲ ತಪಾಸಣೆ ವಿಭಾಗ. ಅಲ್ಲಿಂದ ಎಕ್ಸ್‌ರೇ. ಎಕ್ಸ್‌ರೇ ದುಡ್ಡು ಕಟ್ಟಲು ಮತ್ತೆ ಕೆಳಗೆ ಕೌಂಟರಿಗೆ. ಅದರ ರಸೀದಿ ತೋರಿಸಿ, ಬಾಯೊಳಗೆ ಅಂಚೆಚೀಟಿಯಷ್ಟು ಸಣ್ಣ ತಗಡು ಇಟ್ಟು ಒಂದು ಚಿತ್ರ. ಮತ್ತೆ ಮೊದಲಿನ ವಿಭಾಗ. ಅಲ್ಲಿ 'ಕನ್ಸರ್ವೇಟಿವ್' ಅಂತ ಬರೆದುಕೊಟ್ಟರು. ರೂಟ್ ಕೆನಾಲ್ ಮಾಡುವ ವಿಭಾಗದ ಹೆಸರು ಅದು. ನನಗೆ ಇದೇ ಗೊತ್ತಿರಲಿಲ್ಲ. 'ರೂಟ್ ಕೆನಾಲ್ ರೂಮ್ ಎಲ್ಲಿ' ಅಂತ ಕೇಳಿಕೊಂಡು ಎರಡು ಮಹಡಿ ಸುಮ್ನೆ ಹತ್ತಿ ಇಳಿದೆ. ಒಂಬತ್ತೂವರೆಗೆ ಒಳಗೆ ಹೋದವಳು ಕುರ್ಚಿಯ ಹತ್ತಿರ ಬಂದಾಗ ಹನ್ನೆರಡೂಕಾಲು.

ಅಲ್ಲಿ ಹೊಸ ಅಡ್ಡಿ. ಬಿಪಿ ನೋಡಿದರು, 170/100. ನನಗೆ ಬಿಪಿ ಇಲ್ಲವೇ ಇಲ್ಲ. "ಏನು ತಿಂದಿದ್ದೀರಾ ಅಕ್ಕಾ?" ಅಂತ ಪಿಜಿ ಓದುವ ಹುಡುಗಿ ಡಾಕ್ಟರ್ ಕೇಳಿದಳು. ಏನೂ ಇಲ್ಲ. ಆಪರೇಷನ್ ಇದ್ದ ಹಾಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದುಕೊಂಡು ನೀರೂ ಸರಿಯಾಗಿ ಕುಡಿದಿರಲಿಲ್ಲ. ಹೊರಗೆ ನಲವತ್ತು ಡಿಗ್ರಿ ಬಿಸಿಲು. "ಹೋಗಿ ಮೆತ್ತಗಿನದು ಏನಾದ್ರೂ ತಿಂದು ನೆರಳಲ್ಲಿ ಕೂತು ಎರಡು ಗಂಟೆಗೆ ಬನ್ನಿ, ನಾನೇ ಮಾಡ್ತೀನಿ," ಅಂದಳು. ಇಡ್ಲಿ ತಿಂದು, ಮಜ್ಜಿಗೆ ಕುಡಿದು ಬಂದೆ. 140/90ಕ್ಕೆ ಇಳಿದಿತ್ತು. ನೀವು ಹೋಗುವಾಗ ಹೊಟ್ಟೆ ತುಂಬಾ ತಿಂದುಕೊಂಡೇ ಹೋಗಿ. ಇಂಜೆಕ್ಷನ್ ಕೊಟ್ಟು ಬಾಯಿ ಮರಗಟ್ಟಿಸಿದ ಮೇಲೆ ಮೂರು ನಾಲ್ಕು ಗಂಟೆ ಸರಿಯಾಗಿ ತಿನ್ನಲು ಆಗುವುದಿಲ್ಲ. ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ ಏನಿದ್ದರೂ ತಪ್ಪಿಸದೆ ನುಂಗಿ ಹೋಗಿ, ಚೀಟಿ ಜೊತೆಗಿರಲಿ. ಬಸುರಿಯಾಗಿದ್ದರೆ ಎಕ್ಸ್‌ರೇಗಿಂತ ಮೊದಲೇ ಹೇಳಿ.

ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿತ್ತು. ಸಹಿ ಹಾಕುವ ಮುಂಚೆ ಓದಿ ಹೇಳಿ ಅಂದೆ. ಸಂಕೋಚ ಆಯಿತು, ಆದರೂ ಕೇಳಿದೆ. ಆ ಡಾಕ್ಟರ್ ಓದಿ ಹೇಳಿದ್ದಷ್ಟೇ ಅಲ್ಲ, ನನ್ನ ಚೀಟಿಯ ಹಿಂದೆ ಹಲ್ಲಿನ ಚಿತ್ರ ಬರೆದಳು. ಮೇಲೆ ಗಟ್ಟಿ ಎನಾಮಲ್, ಅದರ ಕೆಳಗೆ ಡೆಂಟಿನ್, ನಟ್ಟನಡುವೆ ಮೆತ್ತನೆಯ ಪಲ್ಪ್. ನರವೂ ರಕ್ತನಾಳವೂ ಇರುವುದು ಈ ಪಲ್ಪ್‌ನಲ್ಲಿ. ಅದು ದಾರದ ಹಾಗೆ ಸಣ್ಣ ಕಾಲುವೆಗಳಲ್ಲಿ ಬೇರಿನ ತುದಿಯ ತನಕ ಇಳಿದಿರುತ್ತೆ. ಆ ಕಾಲುವೆಯೇ ಕೆನಾಲ್. "ಬೇರು ತೆಗೆಯಲ್ಲ ಅಕ್ಕಾ. ಬೇರಿನ ಒಳಗಿನ ಕೊಳೆತದ್ದನ್ನಷ್ಟೇ ತೆಗೆದು, ತೊಳೆದು, ಮತ್ತೆ ಕ್ರಿಮಿ ಹೋಗದ ಹಾಗೆ ಮುಚ್ಚುತ್ತೀವಿ. ಹಲ್ಲನ್ನು ಹಿಡಿದುಕೊಂಡಿರೋದು ಸುತ್ತಲಿನ ಎಲುಬು, ಅದು ಹಾಗೇ ಇರುತ್ತೆ." ಎಕ್ಸ್‌ರೇ ತೋರಿಸಿದಳು. ಬೇರಿನ ತುದಿಯಲ್ಲಿ ಕಡಲೆ ಗಾತ್ರದ ಕಪ್ಪು ನೆರಳು. ಅಲ್ಲಿ ಎಲುಬು ಕರಗಿದೆ, ಒಳಗೆ ಸ್ವಚ್ಛ ಆದರೆ ತಿಂಗಳುಗಟ್ಟಲೆ ನಿಧಾನವಾಗಿ ತುಂಬಿಕೊಳ್ಳುತ್ತೆ ಅಂದಳು.

ಕಣ್ಣಿನ ವಿಷಯ ಕೇಳಿದೆ. ನಗಲಿಲ್ಲ, ಅದಕ್ಕೇ ಆಕೆಯ ಮೇಲೆ ನಂಬಿಕೆ ಬಂತು. ಹಲ್ಲಿನ ನೋವು ಒಯ್ಯುವ ನರ ಬೇರೆ, ನೋಟದ ನರ ಬೇರೆ. ವಯಸ್ಸಾದಾಗ ಹಲ್ಲೂ ಹೋಗುತ್ತೆ, ಕಣ್ಣಿಗೆ ಪೊರೆಯೂ ಬರುತ್ತೆ. ಎರಡೂ ಒಂದೇ ಕಾಲಕ್ಕೆ ಬರುವುದರಿಂದ ಜನ ಒಂದಕ್ಕೊಂದು ಗಂಟು ಹಾಕಿದ್ದಾರೆ.

ಈಗ ಇಂಜೆಕ್ಷನ್. ಎಲ್ಲರೂ ಹೆದರುವುದು ಇದಕ್ಕೇ ಅಲ್ವಾ. ಮೊದಲು ಒಸಡಿಗೆ ಜೆಲ್ ಹಚ್ಚಿದರು. ಆಮೇಲೆ ಕೊನೆಯ ಹಲ್ಲಿನ ಹಿಂದೆ, ದವಡೆಯ ಒಳಬದಿಯಲ್ಲಿ ಚುಚ್ಚಿದರು. ಇರುವೆ ಕಚ್ಚಿದಷ್ಟು, ಆಮೇಲೆ ಔಷಧಿ ಹೋಗುವಾಗ ಒತ್ತಿದ ಹಾಗೆ. ನಿಧಾನವಾಗಿ ಬಿಟ್ಟಷ್ಟೂ ನೋವು ಕಡಿಮೆ. ಒಂದೆರಡು ನಿಮಿಷ ಎದೆ ಡವಡವ ಅಂತು. ಸಾಯ್ತೀನೇನೋ ಅನ್ನಿಸಿತು. ಔಷಧಿಯಲ್ಲಿ ಅಡ್ರಿನಲಿನ್ ಸ್ವಲ್ಪ ಸೇರಿಸಿರುತ್ತಾರೆ, ಮರಗಟ್ಟಿದ್ದು ಬೇಗ ಇಳಿಯದಿರಲಿ ಅಂತ. ಹಂಗಾಗಿ ಎದೆ ಬಡಿತ ಏರುತ್ತೆ, ತಾನಾಗೇ ಇಳಿಯುತ್ತೆ. ಹತ್ತು ನಿಮಿಷಕ್ಕೆ ಕೆಳತುಟಿಯ ಎಡ ಅರ್ಧ ಊದಿ ದಪ್ಪ ಆದ ಹಾಗೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಏನೂ ಆಗಿಲ್ಲ.

"ಎಡಗೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ. ಮಾತಾಡೋಕೆ ಹೋಗ್ಬೇಡಿ, ಕೈ ಎತ್ತಿ," ಅಂದಳು. ಇದು ನನಗೆ ಸಿಕ್ಕ ಅತಿ ದೊಡ್ಡ ಧೈರ್ಯ. ನಿಮ್ಮ ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ, 'ನೋವಾದ್ರೆ ಕೈ ಎತ್ತಲಾ' ಅಂತ.

ಕೊರೆಯುವಾಗ ಸದ್ದು, ನಡುಕ, ನೀರು. ನೋವಿಲ್ಲ. ಸ್ವಲ್ಪ ಹೊತ್ತಿಗೆ ಹಳಸಿದ ವಾಸನೆ ಬಂತು, ಆಮೇಲೆ ಒಳಗಿನ ಒತ್ತಡ ಬಿಟ್ಟುಹೋದ ಹಾಗೆ ಹಗುರ ಆಯಿತು. ಕೀವಿಗೆ ದಾರಿ ಸಿಕ್ಕಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಭುಜ ಸಡಿಲಾಯಿತು. ಅಷ್ಟರಲ್ಲೇ ಹಿಂದಿನ ಬೇರಿನ ಕಡೆ ಹೋದಾಗ ಸುರ್ ಅಂತ ಮಿಂಚು ಹೊಡೆಯಿತು. ಕೈ ಎತ್ತಿದೆ. ಆ ಕ್ಷಣವೇ ನಿಲ್ಲಿಸಿದಳು. "ಈ ಬೇರಿನಲ್ಲಿ ಇನ್ನೂ ಜೀವ ಇದೆ ಅಕ್ಕಾ. ಬಾವು ಇದ್ದಾಗ ಒಂದು ಇಂಜೆಕ್ಷನ್ ಕೆಲವು ಸಲ ಸಾಲಲ್ಲ," ಅಂತ ಹೇಳಿ ಇನ್ನೊಂದು ಕೊಟ್ಟಳು. ಆಮೇಲೆ ಏನೂ ಗೊತ್ತಾಗಲಿಲ್ಲ. ಜನ ಹೇಳುವ 'ಪ್ರಾಣ ಹೋಗೋ ನೋವು' ನನ್ನ ಪಾಲಿಗೆ ಇಷ್ಟೇ: ಒಂದು ಸೆಕೆಂಡಿನ ಮಿಂಚು. ಮನೆಯಲ್ಲಿ ಕೂತು ಅನುಭವಿಸಿದ ಹದಿನೈದು ರಾತ್ರಿಗಳ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಒಳಗೆ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟ್ ಮುಚ್ಚಿದರು. ಬಾವು, ಜ್ವರ ಇದ್ದುದರಿಂದ ಐದು ದಿನ ಮಾತ್ರೆ. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ತುಟಿ ಕಚ್ಚಿಕೊಂಡೆ. ಮರಗಟ್ಟಿದ್ದರಿಂದ ಗೊತ್ತೇ ಆಗಲಿಲ್ಲ, ರಾತ್ರಿ ನೋಡಿದರೆ ಗಾಯ. ಚಿಕ್ಕ ಮಕ್ಕಳಿಗೆ ಮಾಡಿಸಿದ್ದರೆ ಆ ಮೂರು ಗಂಟೆ ಅವರ ಬಾಯಿಯ ಮೇಲೆ ಕಣ್ಣಿಡಿ. ಆ ರಾತ್ರಿ ನಾನು ಮಲಗಿ ನಿದ್ದೆ ಮಾಡಿದೆ. ಗೋಡೆ, ದಿಂಬು ಬೇಕಾಗಲಿಲ್ಲ.

ಎರಡನೇ ಸಲ ಹೋದದ್ದು ಒಂಬತ್ತು ದಿನದ ಮೇಲೆ. ಆ ದಿನದ ಕೆಲಸವೇ ನಿಜವಾದ ರೂಟ್ ಕೆನಾಲ್. ಮೊದಲು ಹಲ್ಲಿಗೆ ಕ್ಲಿಪ್ ಹಾಕಿ, ಹಸಿರು ರಬ್ಬರ್ ಹಾಳೆಯ ತೂತಿನಿಂದ ಆ ಒಂದೇ ಹಲ್ಲು ಹೊರಗೆ ಕಾಣುವ ಹಾಗೆ ಕಟ್ಟಿದರು. ಉಸಿರು ಕಟ್ಟುತ್ತೇನೋ ಅನ್ನಿಸಿತು. ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಎರಡು ನಿಮಿಷಕ್ಕೆ ರೂಢಿಯಾಗುತ್ತೆ. ಉಗುಳು ಹಲ್ಲಿನೊಳಗೆ ಹೋಗಬಾರದು, ಸಣ್ಣ ಸಾಮಾನು ಗಂಟಲಿಗೆ ಬೀಳಬಾರದು, ಅದಕ್ಕೆ ಈ ಹಾಳೆ.

ಟ್ರೇ ನೋಡಿದೆ. ನನ್ನ ಹೆದರಿಕೆ ಕರಗಿದ್ದು ಅಲ್ಲೇ. 'ನರಾ ಎಳೆಯುವ ಮಿಷಿನ್' ಅಂತ ನಾನು ಅಂದುಕೊಂಡದ್ದು ಕೂದಲಿನಂಥ ಸಣ್ಣ ಸೂಜಿಗಳು. ಒಂದೊಂದಕ್ಕೂ ಬಣ್ಣದ ತಲೆ, ನಮ್ಮ ಗುಂಡುಪಿನ್ನಿನ ಹಾಗೇ. ಬಿಳಿ, ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು. ಬಿಳಿ ಅಂದರೆ 15, ಹಳದಿ 20, ಕೆಂಪು 25. ನಮ್ಮ ಮಷಿನ್ ಸೂಜಿಗೆ 14, 16 ಅಂತ ನಂಬರ್ ಇರುತ್ತದಲ್ಲ, ಹಾಗೆ. 15 ಅಂದರೆ ತುದಿ 0.15 ಮಿಲಿಮೀಟರ್. ಇವನ್ನು ಫೈಲ್ ಅನ್ನುತ್ತಾರೆ. ಒಂದೊಂದು ಫೈಲಿಗೂ ಸಣ್ಣ ರಬ್ಬರ್ ಬಿಲ್ಲೆ ಪೋಣಿಸಿರುತ್ತೆ. ಅಳತೆ ನೋಡುವ ಸಣ್ಣ ಯಂತ್ರದ ಒಂದು ತಂತಿಯ ಕೊಕ್ಕೆಯನ್ನು ತುಟಿಗೆ ಹಾಕಿ, ಇನ್ನೊಂದನ್ನು ಫೈಲಿಗೆ ಹಿಡಿಸಿದರು. ಫೈಲ್ ಬೇರಿನ ತುದಿ ಸಮೀಪಿಸಿದ ಹಾಗೆ ಯಂತ್ರ ಬೀಪ್ ಬೀಪ್ ಅನ್ನುವುದು ಜೋರಾಗುತ್ತೆ. ಅಲ್ಲಿ ನಿಲ್ಲಿಸಿ, ಬಿಲ್ಲೆಯನ್ನು ಹಲ್ಲಿಗೆ ತಾಗಿಸಿ, ಹೊರಗೆ ತೆಗೆದು ಸ್ಕೇಲಿನ ಮೇಲೆ ಇಟ್ಟು ಮಿಲಿಮೀಟರಿನಲ್ಲಿ ಓದಿದಳು. "ಹತ್ತೊಂಬತ್ತೂವರೆ." ಪಕ್ಕದವಳು ಬರೆದುಕೊಂಡಳು. "ಇಪ್ಪತ್ತು."

ನನಗೆ ಕಣ್ಣಲ್ಲಿ ನೀರು ಬಂತು. ಇದು ನನ್ನ ಕೆಲಸವೇ. ತೋಳು ಹದಿನಾಲ್ಕು, ಕೊರಳು ಆರೂವರೆ ಅಂತ ನಾನು ದಿನಾ ಬರೆದುಕೊಳ್ಳುವ ಹಾಗೆ, ಈ ಹುಡುಗಿ ನನ್ನ ಬೇರಿನ ಅಳತೆ ತೆಗೆಯುತ್ತಿದ್ದಾಳೆ. ಕಡಿಮೆ ಆದರೆ ಕೊಳೆ ಒಳಗೆ ಉಳಿಯುತ್ತೆ, ಜಾಸ್ತಿ ಆದರೆ ಬೇರಿನ ಆಚೆ ಚುಚ್ಚುತ್ತೆ. ಇಷ್ಟು ಲೆಕ್ಕ ಇಟ್ಟು ಮಾಡುವ ಕೆಲಸವನ್ನು ನಾನು 'ಎಳೀತಾರೆ, ಕೊರೀತಾರೆ' ಅಂತ ಎರಡು ತಿಂಗಳು ಹೆದರಿಕೊಂಡು ಕೂತಿದ್ದೆ.

ಕೆಳಗಿನ ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕಾಲುವೆ. ಕೆಲವರಿಗೆ ನಾಲ್ಕು. ಪ್ರೊಫೆಸರ್ ಬಂದು ನೋಡುವ ತನಕ ಬಾಯಿ ತೆರೆದುಕೊಂಡು ಇಪ್ಪತ್ತು ನಿಮಿಷ ಕಾದೆ. ಕುತ್ತಿಗೆ ಬಿಗಿಯಿತು. ಆದರೆ ಅವರು ಬಂದು ಹಿಂದಿನ ಬೇರಿನಲ್ಲಿ ನಾಲ್ಕನೆಯದನ್ನು ಹುಡುಕಿಕೊಟ್ಟರು. ಒಂದು ಕಾಲುವೆ ಬಿಟ್ಟುಹೋದರೆ ಮತ್ತೆ ಸೋಂಕು ಬರಬಹುದಂತೆ. ಕಾಲೇಜಿನಲ್ಲಿ ಪ್ರತಿ ಹಂತಕ್ಕೂ ದೊಡ್ಡವರು ಬಂದು ನೋಡಬೇಕು, ಅದಕ್ಕೇ ಅಷ್ಟು ಹೊತ್ತು. ಆಮೇಲೆ ಸಿರಿಂಜಿನಿಂದ ಮತ್ತೆ ಮತ್ತೆ ತೊಳೆದರು. ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಬರುವಂಥದೇ ವಾಸನೆ. ಒಂದೂವರೆ ಗಂಟೆ ಹಿಡಿಯಿತು. ದವಡೆ ಸೋತಾಗ ಕೈ ಎತ್ತಿ ಎರಡು ಸಲ ವಿಶ್ರಾಂತಿ ಕೇಳಿದೆ.

ಆಮೇಲಿನ ಎರಡು ದಿನ ಕಚ್ಚಿದರೆ ಆ ಹಲ್ಲು ಎತ್ತರ ಆದ ಹಾಗೆ, ಗಾಯ ಮುಟ್ಟಿದ ಹಾಗೆ ನೋವು. ಬರೆದುಕೊಟ್ಟ ಮಾತ್ರೆಗೆ ಇಳಿಯಿತು. ಜೋಳದ ನುಚ್ಚು ಮಜ್ಜಿಗೆಯಲ್ಲಿ ಕಲಸಿ ತಿಂದೆ. ನೋವು ಇಳಿಯುವ ಬದಲು ದಿನದಿನಕ್ಕೆ ಏರಿದರೆ, ಮತ್ತೆ ಊದಿದರೆ ತಾರೀಖು ಕಾಯದೆ ಹೋಗಬೇಕು.

ಇಲ್ಲಿ ಎರಡು ಅಡ್ಡಿ ಬಂದವು. ನೋವು ಹೋಯಿತೆಂದು ಮರೆತು ಅದೇ ಕಡೆ ಕಡಕ್ ರೊಟ್ಟಿ ಅಗಿದೆ, ತಾತ್ಕಾಲಿಕ ಸಿಮೆಂಟ್ ಎದ್ದು ಬಂತು. ತೆರೆದಿಟ್ಟರೆ ತೊಳೆದದ್ದೆಲ್ಲ ವ್ಯರ್ಥ. ಬರೀ ಅದನ್ನು ಮುಚ್ಚಿಸಲು ಮೂರನೇ ಸಲ ಹೋದೆ, ಒಂದು ದಿನ ಹೋಯಿತು. ಎರಡನೆಯದು, ನಾಲ್ಕನೇ ಸಲ ಹೋದಾಗ ನನ್ನ ಡಾಕ್ಟರ್ ಪರೀಕ್ಷೆಯ ರಜೆಯಲ್ಲಿದ್ದಳು. ನನ್ನ ಕಾರ್ಡ್, ಎಕ್ಸ್‌ರೇ ಇಟ್ಟ ಕವರ್ ಸಿಗಲಿಲ್ಲ. ಒಂದು ಗಂಟೆ ಹುಡುಕಿದರು. ಪುಣ್ಯಕ್ಕೆ, ಎಕ್ಸ್‌ರೇಯನ್ನೂ ಅಳತೆ ಬರೆದ ಹಾಳೆಯನ್ನೂ ನಾನು ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದೆ. ಹೊಸ ಡಾಕ್ಟರ್ ಅದನ್ನು ನೋಡಿ, ಅಳತೆ ಇನ್ನೊಮ್ಮೆ ಪರೀಕ್ಷಿಸಿ ಮುಂದುವರಿಸಿದರು. ಪ್ರತಿ ಸಲವೂ ಎಲ್ಲ ಕಾಗದ, ಎಲ್ಲ ರಸೀದಿ ಫೋಟೋ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯವರು ಇಟ್ಟುಕೊಳ್ಳುತ್ತಾರೆ ಅಂತ ನಂಬಿ ಕೂರಬೇಡಿ.

ಆ ದಿನ ಕಾಲುವೆಗಳನ್ನು ತುಂಬಿದರು. ಊದಿನಕಡ್ಡಿಗಿಂತ ತೆಳ್ಳಗಿನ ಗುಲಾಬಿ ಕಡ್ಡಿಗಳು, ಹೆಸರು ಗಟ್ಟಾ ಪರ್ಚಾ. ಪ್ಲಾಸ್ಟಿಕ್ಕಾ ಅಂತ ಕೇಳಿದೆ. ಅಲ್ಲ, ಮಲೇಷ್ಯಾ ಇಂಡೋನೇಷ್ಯಾ ಕಡೆಯ ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು. 19ನೇ ಶತಮಾನದಲ್ಲಿ ಸಮುದ್ರದೊಳಗೆ ಹಾಕಿದ ಟೆಲಿಗ್ರಾಫ್ ತಂತಿಗೆ ಇದನ್ನೇ ಸುತ್ತುತ್ತಿದ್ದರಂತೆ, ನೀರು ಹೋಗಬಾರದು ಅಂತ. ನೀರು ಹೋಗದ ಹಾಗೆ ಸಮುದ್ರದಲ್ಲಿ ಕಾದದ್ದು ನನ್ನ ಹಲ್ಲಿನಲ್ಲೂ ಕಾಯಲಿ ಅಂದುಕೊಂಡೆ. ಕಾಯಿಸಿದ ಸಲಕರಣೆಯಿಂದ ಮೇಲಿನ ತುದಿ ಕತ್ತರಿಸಿ ಒತ್ತಿ ಮುಚ್ಚಿದರು. ನೋವು ಒಂದಿಷ್ಟೂ ಇಲ್ಲ.

ಬಹಳ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನೋವಿಲ್ಲ, ತುಂಬಿಸಿದ್ದಾರೆ, ಕ್ಯಾಪ್ ದುಡ್ಡು ಯಾಕೆ ಅಂತ. ನಮ್ಮ ನಾದಿನಿ ಹಾಗೇ ಬಿಟ್ಟಿದ್ದಳು, ಎರಡು ವರ್ಷಕ್ಕೆ ಹಲ್ಲು ನಡುವೆ ಸೀಳಿ ಕೊನೆಗೆ ಕೀಳಿಸಬೇಕಾಯಿತು. ಹುಳುಕು ತಿಂದು, ಡಾಕ್ಟರ್ ಕೊರೆದು, ದವಡೆ ಹಲ್ಲಿನ ಗೋಡೆ ತೆಳ್ಳಗಾಗಿರುತ್ತೆ. ನಾವು ಕಡಕ್ ರೊಟ್ಟಿ ತಿನ್ನುವ ಜನ. ದಯವಿಟ್ಟು ದುಡ್ಡಿನ ಲೆಕ್ಕ ಹಾಕುವಾಗ ಶುರುವಿನಲ್ಲೇ ಕ್ಯಾಪ್ ಸೇರಿಸಿ ಲೆಕ್ಕ ಹಾಕಿ.

ಕ್ಯಾಪ್‌ಗೆ ಎರಡು ಸಲ. ಒಂದು ದಿನ ಹಲ್ಲನ್ನು ಸುತ್ತ ಉಜ್ಜಿ, ಕಣಕದಂಥ ಮುದ್ದೆ ಕಚ್ಚಿಸಿ ಅಳತೆ ತೆಗೆದರು. ಹನ್ನೆರಡು ದಿನಕ್ಕೆ ಕ್ಯಾಪ್ ಬಂತು. ಬರೀ ಲೋಹದ್ದು ಎಲ್ಲಕ್ಕಿಂತ ಕಡಿಮೆ, ಜಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ಪಿಂಗಾಣಿಯಂಥದ್ದು ಜಾಸ್ತಿ. ನಾನು ಒಳಗೆ ಲೋಹ, ಮೇಲೆ ಹಲ್ಲಿನ ಬಣ್ಣ ಇರುವ ನಡುವಿನದನ್ನು ಹಾಕಿಸಿದೆ.

ನನ್ನ ಲೆಕ್ಕ ಹೀಗಾಯಿತು. ಚೀಟಿ 50, ಎಕ್ಸ್‌ರೇ ಎಲ್ಲ ಸೇರಿ 300, ರೂಟ್ ಕೆನಾಲ್ 1,800, ಮಾತ್ರೆ 410, ಕ್ಯಾಪ್ 2,500. ಒಟ್ಟು 5,060. ಊರಿನಲ್ಲಾಗಿದ್ದರೆ 8,500 ಮತ್ತು ಮಾತ್ರೆ, ಆದರೆ ಮೂರು ನಾಲ್ಕು ಸಲಕ್ಕೆ ಮುಗಿಯುತ್ತಿತ್ತು. ನನಗೆ ಆರು ದಿನ ಮಷಿನ್ ನಿಂತಿತು. ದಿನಕ್ಕೆ 500 ಅಂದರೂ 3,000. ದಿನಗೂಲಿಯವರು ಇದನ್ನು ಸೇರಿಸಿಯೇ ಯೋಚಿಸಿ. ಆದರೂ ನಾನು ಮತ್ತೆ ಕಾಲೇಜಿಗೇ ಹೋಗುತ್ತೇನೆ. ಒಟ್ಟಿಗೆ ದುಡ್ಡು ಹೊಂದಿಸುವುದು ನಮ್ಮಂಥವರಿಗೆ ಕಷ್ಟ, ಅಲ್ಲಿ ಹಂತ ಹಂತವಾಗಿ ಕಟ್ಟಿದೆ. ಮತ್ತೆ, ಆ ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

ಕೊನೆಯ ದಿನ ರಜೆ ಮುಗಿಸಿ ಅವಳೇ ಇದ್ದಳು. ಕ್ಯಾಪ್ ಇಟ್ಟು, ನೀಲಿ ಕಾರ್ಬನ್ ಚೂರು ಕಚ್ಚಿಸಿ, ಬಣ್ಣ ಹತ್ತಿದ ಕಡೆ ಚೂರು ಚೂರೇ ಉಜ್ಜಿದಳು. ನಾನು ಬಟ್ಟೆಯ ಮೇಲೆ ಗುರುತು ಹಾಕುವ ಹಾಗೇ. ಏಳು ಸಲ ಕಚ್ಚಿಸಿದಳು. ಎತ್ತರ ಅನ್ನಿಸಿದರೆ ಸಂಕೋಚ ಪಡದೆ ಹೇಳಬೇಕು, ಅಂಟಿಸಿದ ಮೇಲೆ ಸರಿಪಡಿಸುವುದು ಕಷ್ಟ. ಎಲ್ಲ ಮುಗಿದ ಮೇಲೆ ನನ್ನ ಮುಂದಿನ ಹಲ್ಲನ್ನು ನೋಡಿ, "ಅಕ್ಕಾ, ದಾರ ಹಲ್ಲಲ್ಲಿ ಕಡೀತೀರಾ?" ಅಂದಳು. ಮೇಲಿನ ಹಲ್ಲಿನ ಅಂಚಿನಲ್ಲಿ ದಾರದಷ್ಟೇ ಅಗಲದ ಸಣ್ಣ ಕಚ್ಚು ಬಿದ್ದಿತ್ತು. ಹದಿನೆಂಟು ವರ್ಷದ ಹೊಲಿಗೆ ಮಾಡಿದ ಗುರುತು. ಈಗ ಮಷಿನ್ನಿಗೆ ಒಂದು ಸಣ್ಣ ಕತ್ತರಿ ಕಟ್ಟಿ ತೂಗುಹಾಕಿದ್ದೇನೆ.

ನಿನ್ನೆ ರಾತ್ರಿ ಅವ್ವ ಪಕ್ಕ ಬಂದು ಕೂತಳು. ಬಾಯಿ ತೆರೆದು, ಮೇಲಿನ ಒಂದು ಹಲ್ಲು ತೋರಿಸಿದಳು. ಯಾವಾಗಿನಿಂದ ನೋವು ಅಂದರೆ, "ಯುಗಾದಿಯಿಂದ" ಅಂದಳು. ನನ್ನ ಹಾಗೇ ಹೆದರಿ ಸುಮ್ನಿದ್ದಳು. ಸೋಮವಾರದ ಮೊದಲ ಬಸ್ಸಿಗೆ ಹೊರಡುತ್ತಿದ್ದೇವೆ. ಅವಳ ಆಧಾರ್, ಶುಗರ್ ಮಾತ್ರೆಯ ಚೀಟಿ, ಡಬ್ಬಿಯಲ್ಲಿ ನುಚ್ಚು ಎಲ್ಲ ಒಂದೇ ಚೀಲದಲ್ಲಿ ಇಟ್ಟಿದ್ದೇನೆ. ಮಲಗುವ ಮುಂಚೆ ಒಂದೇ ಪ್ರಶ್ನೆ ಕೇಳಿದಳು: "ಆ ಕೈ ಎತ್ತೋದು, ಎಡಗೈನೋ ಬಲಗೈನೋ?"